ಚರ್ಮಶಾಸನಗಳ ಓದು: ಒಂದು ಪ್ರಾಸ್ತಾವಿಕ ಪ್ರಬಂಧ

ಕರ್ನಾಟಕದಲ್ಲಿ ಶಾಸನಗಳಿಗೆ ಬರವಿಲ್ಲ. 1886ರಲ್ಲಿ ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ತಂದಮೇಲೆ ಕೊಟ್ಟಿಗೆಗೆ ಮೆಟ್ಟಿಲಾಗಿದ್ದ ಕಲ್ಲು, ಕೆರೆ ಏರಿಯ ಮೇಲೆ ಬಟ್ಟೆ ಒಗೆಸಿಕೊಳ್ಳುತ್ತಿದ್ದ ಕಲ್ಲು ಎಲ್ಲಕ್ಕೂ ಒಂದೊಂದು ಸಂಖ್ಯೆ ಬಿದ್ದು ಮರ್ಯಾದೆ ಬಂತು. ಅವರ ನಂತರ ಆರ್. ನರಸಿಂಹಾಚಾರ್ಯರು ಬಂದರು, ಎಂ. ಎಚ್. ಕೃಷ್ಣ ಬಂದು ಹಲ್ಮಿಡಿಯ ಹದಿನಾರು ಸಾಲುಗಳನ್ನು ನಾಡಿಗೆ ತೋರಿಸಿಕೊಟ್ಟರು. ಇಷ್ಟೆಲ್ಲ ಘಟಾನುಘಟಿಗಳು ಆಗಿಹೋದರೂ ಒಂದು ವರ್ಗದ ಶಾಸನಗಳು ಇಂದಿಗೂ ಅಪ್ರಕಟಿತವಾಗಿಯೇ ಉಳಿದಿರುವುದು ವಿಷಾದದ ಸಂಗತಿ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳ ಸೊಂಟ, ಬೆನ್ನು, ತೋಳು, ಮಂಡಿಗಳ ಮೇಲೆ ಹೇಳದೆ ಕೇಳದೆ ಮೂಡಿಕೊಳ್ಳುವ ಆ ಗೆರೆಗಳನ್ನು ಮೆಡಿಕಲ್ ಶಾಪಿನವರು ಸ್ಟ್ರೆಚ್ ಮಾರ್ಕ್ ಎನ್ನುತ್ತಾರೆ. ಪ್ರಸ್ತುತ ಪ್ರಬಂಧವು ಅವನ್ನು, ವಿಷಯದ ಗಾಂಭೀರ್ಯಕ್ಕೆ ತಕ್ಕಂತೆ, ಚರ್ಮಶಾಸನಗಳೆಂದು ಕರೆಯುತ್ತದೆ. ಅಪ್ರಕಟಿತವಾಗಿ ಉಳಿದದ್ದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಶಾಸನದ ಒಡೆಯರೇ ಅದರ ಮೇಲೆ ಬಟ್ಟೆ ಹೊದಿಸಿ ಕಾವಲು ಕೂತಿದ್ದಾರೆ. ಮೇ ತಿಂಗಳ ಬಳ್ಳಾರಿಯಲ್ಲೂ ತುಂಬುತೋಳಿನ ಕುರ್ತಾ.

ಲಿಪಿ, ದಿಕ್ಕು, ಕಾಲನಿರ್ಣಯ

ಚರ್ಮಶಾಸನ ಮೇಲ್ಪದರದ ಬರಹವಲ್ಲ. ಅದರ ಅಡಿಯ ಒಳಚರ್ಮದಲ್ಲಿ ಕೊಲಾಜನ್, ಎಲಾಸ್ಟಿನ್ ಎಂಬ ಎಳೆಗಳಿವೆ. ಚರ್ಮದ ಗಟ್ಟಿತನ, ಹಿಗ್ಗಿ ಕುಗ್ಗುವ ಗುಣ ಎರಡೂ ಅವುಗಳದ್ದೇ. ಹರೆಯ ಬಂದಾಗ ಎಲುಬು, ಸ್ನಾಯು, ಕೊಬ್ಬು ಮೂರಕ್ಕೂ ಒಟ್ಟಿಗೆ ಅವಸರ ಶುರುವಾಗುತ್ತದೆ. ಬೆಳವಣಿಗೆ ಜೋರಾಗಿರುವ ಆ ಒಂದು ವರ್ಷದಲ್ಲಿ ಹುಡುಗನೊಬ್ಬ ಸುಮಾರು 9 ಸೆಂಟಿಮೀಟರ್ ಉದ್ದವಾಗುತ್ತಾನೆ. ಹುಡುಗಿಯರಿಗೆ ಅಂಥ ವರ್ಷ ಒಂದೆರಡು ವರ್ಷ ಮುಂಚೆಯೇ ಬಂದು ಹೋಗಿರುತ್ತದೆ. ಚರ್ಮ ಮಾತ್ರ ಸರಕಾರಿ ಕಚೇರಿಯ ಗತಿಯಲ್ಲಿ ಕೆಲಸ ಮಾಡುವಂಥದ್ದು. ಒಳಗೆ ಎಳೆ ಬಿಡುತ್ತದೆ, ಹೊರಗೆ ಸಾಲು ಕಾಣುತ್ತದೆ. ಹಾರ್ಮೋನುಗಳ ಕೈವಾಡವೂ ಉಂಟು, ವಂಶದ್ದೂ ಉಂಟು. ಅಮ್ಮನಿಗೆ ಇದ್ದರೆ ಮಗಳಿಗೆ ಬರುವ ಸಂಭವ ಹೆಚ್ಚು, ಅಂದರೆ ಒಂದೇ ರಾಜಮನೆತನದ ಶಾಸನಗಳು. ದಪ್ಪಗಿರುವವರಿಗೆ ಮಾತ್ರ ಬರುತ್ತದೆ ಎಂಬ ವಾದವಂತೂ ಪ್ರಕ್ಷಿಪ್ತ. ಕಡ್ಡಿಯಂತಿದ್ದು ಒಮ್ಮೆಗೇ ಉದ್ದವಾದ ಹುಡುಗನ ಬೆನ್ನು ನೋಡಿದರೆ ಸಾಕು.

ಆ ಬೆನ್ನಿನ ವಿಚಾರ ಇನ್ನೂ ಸ್ವಲ್ಪ ಹೇಳಬೇಕು. ಅಲ್ಲಿ ಗೆರೆಗಳು ಅಡ್ಡಡ್ಡ, ಒಂದರ ಕೆಳಗೊಂದು, ರೂಲ್ಡ್ ಪುಸ್ತಕದ ಶಿಸ್ತಿನಲ್ಲಿ ಇರುತ್ತವೆ. ಬೆನ್ನು ಎಳೆದದ್ದು ಮೇಲಕ್ಕೂ ಕೆಳಕ್ಕೂ. ಚರ್ಮ ಬಿರಿದದ್ದು ಎಳೆತಕ್ಕೆ ಅಡ್ಡವಾಗಿ. ಚರ್ಮಕ್ಕೆ ತನ್ನದೇ ಎಳೆತದ ದಿಕ್ಕುಗಳಿವೆ ಎಂಬುದನ್ನು ಆಸ್ಟ್ರಿಯಾದ ಕಾರ್ಲ್ ಲ್ಯಾಂಗರ್ 1861ರಲ್ಲೇ ತೋರಿಸಿದ್ದರು. ಹೆಣಗಳ ಚರ್ಮಕ್ಕೆ ದುಂಡು ಮೊಳೆ ಚುಚ್ಚಿದರೆ ತೂತು ದುಂಡಗೆ ಉಳಿಯದೆ ಉದ್ದುದ್ದ ಆಗುವುದನ್ನು ಕಂಡು, ಇಡೀ ದೇಹದ ನಕ್ಷೆಯನ್ನೇ ತಯಾರಿಸಿದರು. ಶಸ್ತ್ರವೈದ್ಯರು ಈಗಲೂ ಗಾಯ ಚೆನ್ನಾಗಿ ಕೂಡಲಿ ಎಂದು ಆ ಗೆರೆಗಳನ್ನು ನೆನೆದೇ ಕತ್ತಿ ಹಾಕುತ್ತಾರೆ. ಪಾಪದ ಹುಡುಗನಿಗೆ ಇದೊಂದೂ ಗೊತ್ತಿರುವುದಿಲ್ಲ. ಕಬಡ್ಡಿ ಮುಗಿಸಿ ಬನಿಯನ್ ಬಿಚ್ಚಿದಾಗ “ಅಪ್ಪ ಬೆಲ್ಟಲ್ಲಿ ಬಾರಿಸಿದ್ರೇನೋ?” ಎಂಬ ಪ್ರಶ್ನೆ ಬರುತ್ತದೆ. ಇದನ್ನು ಗೆಳೆಯರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಬೆನ್ನಿನ ಈ ಗೆರೆಗಳನ್ನು ಹೊಡೆತದ ಬಾಸುಂಡೆಯೆಂದು ತಿಳಿದ ಪ್ರಸಂಗಗಳು ವೈದ್ಯಕೀಯ ಗ್ರಂಥಗಳಲ್ಲೇ ದಾಖಲಾಗಿವೆ.

ಕಾಲನಿರ್ಣಯಕ್ಕೆ ಬಣ್ಣವೇ ಆಧಾರ. ಹೊಸ ಶಾಸನ ಕೆಂಪು, ಹಳೆಯದು ಬಿಳಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಇಲ್ಲಿ ಲೇಖಕಿಯ ಒಂದು ಆಕ್ಷೇಪವಿದೆ. ಆ ಪುಸ್ತಕ ಬರೆದವರು ನೋಡಿದ್ದು ಬಿಳಿ ಚರ್ಮವನ್ನು. ನಮ್ಮ ಗೋಧಿ, ಎಣ್ಣೆಗೆಂಪು, ಕಡುಗಪ್ಪು ಬಣ್ಣಗಳ ಮೇಲೆ ಹೊಸ ಗೆರೆ ನೇರಳೆಯಾಗಿ ಕಾಣಬಹುದು, ಕಂದಾಗಿ ಕಾಣಬಹುದು, ಕೆಲವೊಮ್ಮೆ ಸುತ್ತಲ ಚರ್ಮಕ್ಕಿಂತ ಕಪ್ಪಾಗಿಯೂ ಕಾಣಬಹುದು. ಚಿತ್ರದುರ್ಗದ ಹುಡುಗಿಯೊಬ್ಬಳು ರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದು ‘ಕೆಂಪು ಗೆರೆ’ಗಳ ಬಗ್ಗೆ ಓದಿ, ತನ್ನದು ಕೆಂಪಿಲ್ಲವಲ್ಲ, ಹಾಗಾದರೆ ಇದು ಇನ್ನೇನೋ ದೊಡ್ಡ ಕಾಯಿಲೆಯೇ ಇರಬೇಕು ಎಂದು ತೀರ್ಮಾನಿಸಿದರೆ ತಪ್ಪು ಅವಳದ್ದಲ್ಲ, ಪಾಠ ಸಂಪಾದಿಸಿದವರದ್ದು.

ಸವೆದ ಅಕ್ಷರಗಳನ್ನು ಓದಲು ಶಾಸನತಜ್ಞರು ಬೆಳಕನ್ನು ಓರೆಯಾಗಿ ಬಿಡುತ್ತಾರೆ. ನೇರ ಬಿಸಿಲಿನಲ್ಲಿ ಏನೂ ಕಾಣದ ಕಲ್ಲು ಓರೆ ಬೆಳಕಿನ ನೆರಳಿನಲ್ಲಿ ಸಾಲುಸಾಲಾಗಿ ಎದ್ದು ಬರುತ್ತದೆ. ಈ ವಿಧಾನವನ್ನು ಪರಿಪೂರ್ಣಗೊಳಿಸಿದ ಸಂಸ್ಥೆ ಯಾವುದೆಂದರೆ ಬಟ್ಟೆ ಅಂಗಡಿಯ ಟ್ರಯಲ್ ರೂಮು. ತಲೆಯ ಮೇಲೊಂದು ಟ್ಯೂಬ್‌ಲೈಟು, ಮೂರು ಕಡೆ ಕನ್ನಡಿ. ಮನೆಯ ಬಚ್ಚಲಿನ ಮಂದ ಬೆಳಕಿನಲ್ಲಿ ಹದಿನೇಳು ವರ್ಷ ಸುಖವಾಗಿದ್ದ ಮಗು ಅಲ್ಲಿ ಎರಡು ನಿಮಿಷದಲ್ಲಿ ತನ್ನ ಸಮಗ್ರ ಶಾಸನಸಂಪುಟವನ್ನು ಓದಿ ಮುಗಿಸಿ, “ಡ್ರೆಸ್ ಬೇಡಮ್ಮ, ಫಿಟ್ ಆಗಲ್ಲ” ಎಂದು ಹೊರಬರುತ್ತದೆ. ಡ್ರೆಸ್ ಸರಿಯಾಗಿಯೇ ಹಿಡಿದಿರುತ್ತದೆ.

ವ್ಯಾಖ್ಯಾನಕಾರರು

ಮೂಲ ಪಾಠಕ್ಕಿಂತ ಟೀಕೆಯೇ ದೊಡ್ಡದಾಗುವುದು ನಮ್ಮ ವಿದ್ವತ್ ಪರಂಪರೆಯ ಲಕ್ಷಣ. ಚರ್ಮಶಾಸನದ ವಿಷಯದಲ್ಲೂ ಪಂಥಗಳಿವೆ. ಮದುವೆಮನೆ ಪಂಥದವರು ಶಾಸನವನ್ನು ನೋಡುವುದೇ ಇಲ್ಲ, ನೋಡದೆ ವ್ಯಾಖ್ಯಾನಿಸುತ್ತಾರೆ. “ಹೋದ ಸಲ ನೋಡಿದಾಗ ಹಿಂಗಿರ್ಲಿಲ್ವಲ್ಲೇ” ಎಂಬುದು ಅವರ ಮಂಗಳಾಚರಣೆ. ಅದೇ ಬಾಯಿಂದ “ಇನ್ನೊಂದು ಹೋಳಿಗೆ ಹಾಕ್ರೀ ಮಗೂಗೆ” ಎಂದೂ ಹೇಳುವುದರಿಂದ ಈ ಪಂಥದ ಸಿದ್ಧಾಂತದಲ್ಲಿ ಆಂತರಿಕ ವಿರೋಧವಿದೆಯೆಂದು ಹಲವರು ಎತ್ತಿ ತೋರಿಸಿದ್ದಾರೆ. ಪಂಥದವರು ಉತ್ತರಿಸಿಲ್ಲ, ಬಾಯಲ್ಲಿ ಹೋಳಿಗೆ ಇತ್ತು.

ಎಣ್ಣೆ ಪಂಥ ಇದಕ್ಕಿಂತ ಕರುಣಾಮಯಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಲೋಳೆಸರ, ಆಲೂಗಡ್ಡೆ ರಸ, ಮೊಸರಿಗೆ ಅರಿಸಿನ, ಹೀಗೆ ಅಡುಗೆಮನೆಯೇ ಇವರ ಗ್ರಂಥಾಲಯ. ನಗರಶಾಖೆಯವರು ಇದೇ ತತ್ವವನ್ನು ಕೋಕೋ ಬೆಣ್ಣೆ, ಆಲಿವ್ ಎಣ್ಣೆ ಎಂಬ ಹೆಸರಿನಲ್ಲಿ ದುಡ್ಡು ಕೊಟ್ಟು ತರುತ್ತಾರೆ. ಗರ್ಭಿಣಿಯರ ಮೇಲೆ ಕ್ರಮಬದ್ಧವಾಗಿ ಪರೀಕ್ಷೆ ಮಾಡಿ ನೋಡಿದಾಗ ಕೋಕೋ ಬೆಣ್ಣೆಯಾಗಲಿ ಆಲಿವ್ ಎಣ್ಣೆಯಾಗಲಿ ಗೆರೆ ಬರುವುದನ್ನು ತಡೆಯಲಿಲ್ಲ. ಎಣ್ಣೆ ಮೇಲ್ಪದರದಲ್ಲಿ ನಿಲ್ಲುತ್ತದೆ, ಬರಹ ಒಳಪದರದಲ್ಲಿದೆ. ಗಾಜಿನ ಮೇಲೆ ಒರೆಸಿ ಒಳಗಿನ ಫೋಟೋ ಅಳಿಸಲಾಗುವುದಿಲ್ಲ. ಹಾಗೆಂದು ಅಜ್ಜಿ ಭಾನುವಾರ ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕುವುದನ್ನು ನಿಲ್ಲಿಸಬೇಕೆಂಬುದು ಲೇಖಕಿಯ ಅಭಿಪ್ರಾಯವಲ್ಲ. ತುರಿಕೆ ತಗ್ಗುತ್ತದೆ, ಚರ್ಮ ಮೆತ್ತಗಾಗುತ್ತದೆ, ಒಳ್ಳೆಯ ನಿದ್ದೆ ಬರುತ್ತದೆ. ಈ ಮೂರನ್ನು ಕೊಡುವ ಗ್ರಂಥಾಲಯ ರಾಜ್ಯದಲ್ಲಿ ಬೇರೆ ಇಲ್ಲ.

ಇನ್ನು ಪಡಿಯಚ್ಚು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ತೆಗೆಯುವ ಅಚ್ಚಿನಲ್ಲಿ ಕಲ್ಲಿನ ಒಡಕೂ ಬರುತ್ತದೆ. ಮೊಬೈಲಿನ ಬ್ಯೂಟಿ ಮೋಡಿನಲ್ಲಿ ತೆಗೆದ ಅಚ್ಚಿನಲ್ಲಿ ಒಡಕೂ ಇಲ್ಲ, ಅಕ್ಷರವೂ ಇಲ್ಲ, ಮೂಗಿನ ಮೇಲಿನ ಮಚ್ಚೆಯೂ ನಾಪತ್ತೆ. ಇಂಥ ಅಚ್ಚುಗಳನ್ನು ದಿನಕ್ಕೆ ಇನ್ನೂರು ನೋಡಿದ ಹದಿನೈದರ ಹುಡುಗಿ, ಲೋಕದಲ್ಲಿ ತನ್ನೊಬ್ಬಳದೇ ಕಲ್ಲಿನಲ್ಲಿ ಕೆತ್ತನೆಯಿದೆ ಎಂದು ನಂಬುವುದು ಲಭ್ಯ ಆಕರಗಳ ಮಟ್ಟಿಗೆ ತರ್ಕಬದ್ಧವೇ.

ಕೂಟಶಾಸನಗಳು

ಗಂಗರ ತಾಮ್ರಪಟಗಳಲ್ಲಿ ಹಲವು ಖೋಟಾ ಎಂದು ಜೆ. ಎಫ್. ಫ್ಲೀಟ್ ಸಾಧಿಸಿದರು, ರೈಸ್ ಒಪ್ಪದೆ ವರ್ಷಗಟ್ಟಲೆ ವಾದ ಹೂಡಿದರು. ಚರ್ಮಶಾಸನದಲ್ಲೂ ಕೂಟಗಳಿವೆ, ಇಲ್ಲಿ ಮಾತ್ರ ನಗುವ ಹಾಗಿಲ್ಲ. ತೊಡೆಸಂದಿನಲ್ಲಿ ಹುಳುಕಡ್ಡಿ, ತುರಿಕೆ. ಹೇಳಿಕೊಳ್ಳಲು ನಾಚಿಕೆ. ಹುಡುಗ ಮೆಡಿಕಲ್ ಶಾಪಿಗೆ ಹೋಗಿ, ಹೆಂಗಸರು ಯಾರೂ ಇಲ್ಲದ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ ಒಂದು ಟ್ಯೂಬು ಕೇಳುತ್ತಾನೆ. ಅದರಲ್ಲಿ ಬೀಟಾಮೆಥಸೋನೋ ಕ್ಲೋಬಿಟಸಾಲೋ, ಅಂತೂ ಗಟ್ಟಿ ಸ್ಟೆರಾಯ್ಡು. ಎರಡು ದಿನದಲ್ಲಿ ತುರಿಕೆ ಮಾಯ. ಅದಕ್ಕೇ ತಿಂಗಳುಗಟ್ಟಲೆ ಹಚ್ಚುತ್ತಾನೆ. ಹುಳುಕಡ್ಡಿ ಅಡಗಿ ಕೂತು ಹರಡುತ್ತದೆ, ಚರ್ಮ ತೆಳುವಾಗುತ್ತದೆ, ಬೆಳವಣಿಗೆಗೂ ಎಳೆತಕ್ಕೂ ಸಂಬಂಧವೇ ಇಲ್ಲದ ಅಗಲಗಲ ಗೆರೆಗಳು ಅಲ್ಲಿ ಬಿದ್ದುಬಿಡುತ್ತವೆ. ಬೆಳ್ಳಗಾಗಲೆಂದು ಅಕ್ಕ ಮುಖಕ್ಕೆ ಹಚ್ಚುವ ಟ್ಯೂಬಿನಲ್ಲೂ ಕೆಲವೊಮ್ಮೆ ಇದೇ ಸರಕು. ಇಂಥ ಸ್ಟೆರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿತು. ಅದೂ ಒಂದು ಶಾಸನವೇ. ಓದುವವರು ಬೇಕು ಅಷ್ಟೆ.

ಇನ್ನೊಂದು ಪಾಠಭೇದವನ್ನೂ ಇಲ್ಲೇ ಹೇಳಿಬಿಡುವುದು ಕ್ಷೇಮ. ಗೆರೆಗಳು ಬೆರಳಗಲ, ಕಡುನೇರಳೆ. ಜೊತೆಗೆ ಮುಖ ದುಂಡಗೆ ಊದುತ್ತಿದೆ, ಕೈಕಾಲು ಸೋಲುತ್ತಿವೆ ಎಂದಾದರೆ ದೇಹದಲ್ಲಿ ಕಾರ್ಟಿಸಾಲ್ ಮಿತಿಮೀರಿರಬಹುದು. ಅದನ್ನು ಓದಬೇಕಾದವರು ವೈದ್ಯರು, ಪ್ರಬಂಧಕಾರರಲ್ಲ. ಉಳಿದಂತೆ ಹರೆಯದ ಸಾಧಾರಣ ಗೆರೆಗೆ ಚಿಕಿತ್ಸೆ ಕಡ್ಡಾಯವೇನಲ್ಲ. ಹೊಸದಿದ್ದಾಗ ಚರ್ಮವೈದ್ಯರು ಬರೆದುಕೊಡುವ ಟ್ರೆಟಿನಾಯಿನ್, ಲೇಸರ್ ಇವುಗಳಿಂದ ಮಾಸಬಹುದು. ಪೂರ್ತಿ ಅಳಿಸುತ್ತೇನೆಂದವನು ಸುಳ್ಳುಗಾರ. ಏನೂ ಮಾಡದಿದ್ದರೂ ಕೆಲವು ವರ್ಷಗಳಲ್ಲಿ ಬಣ್ಣ ಇಳಿದು, ಹುಡುಕಿದರೆ ಮಾತ್ರ ಸಿಗುವ ಹಾಗಾಗುತ್ತವೆ.

ಕ್ಷೇತ್ರಕಾರ್ಯ

ಪಿಯು ಕಾಲೇಜುಗಳಲ್ಲಿ ಎಥ್ನಿಕ್ ಡೇ ಎಂಬ ಪರ್ವದಿನವಿದೆ. ಅಂದು ಎರಡನೇ ವರ್ಷದ ಹುಡುಗಿಯರು ಅಮ್ಮನ ಮೈಸೂರು ಸಿಲ್ಕ್ ಉಡುತ್ತಾರೆ. ಲೇಖಕಿಯ ಅಕ್ಕನ ಮಗಳೂ ಅವಳ ಮೂವರು ಗೆಳತಿಯರೂ ಹಾಗೆ ಸೀರೆ ಉಡಲು ಸೇರಿದ್ದ ಕೋಣೆಯಲ್ಲಿ, ನೆರಿಗೆ ಹಿಡಿಯುವ ಸಹಾಯಕಿಯಾಗಿ ಲೇಖಕಿಗೆ ಪ್ರವೇಶ ದೊರೆಯಿತು. ಮೊದಲ ಅವಲೋಕನ ಪಿನ್ನುಗಳ ಕುರಿತು. ಸೆರಗಿಗೆ ಒಂದು, ನೆರಿಗೆಗೆ ಒಂದು ಸಾಕು. ಅಲ್ಲಿ ಒಬ್ಬೊಬ್ಬಳೂ ಸೆರಗಿನ ಅಂಚನ್ನು ರವಿಕೆಗೂ ಲಂಗಕ್ಕೂ ಸೇರಿಸಿ ಏಳೆಂಟು ಪಿನ್ನು ಹೊಡೆದು, ಸೊಂಟವೆಂಬುದೇ ಇಲ್ಲದಂತೆ ಕೋಟೆ ಕಟ್ಟುತ್ತಿದ್ದಳು. ಸೆಕೆಗೆಂದು ಒಬ್ಬಳು ಕೈ ಎತ್ತಿ ಫ್ಯಾನಿನ ಸ್ವಿಚ್ಚು ಹಾಕಿದಳು. ಟಪ್ಪೆಂದು ಒಂದು ಪಿನ್ನು ಬಿಚ್ಚಿಕೊಂಡಿತು. ಅವಳು ಎರಡೂ ಕೈಯಿಂದ ಸೊಂಟ ಮುಚ್ಚಿಕೊಂಡು ಗೋಡೆಗೆ ತಿರುಗಿದಳು. ಗೆಳತಿಯೊಬ್ಬಳು ಹಲ್ಲಲ್ಲಿ ಪಿನ್ನು ಕಚ್ಚಿಕೊಂಡೇ ಬಗ್ಗಿ, ಸರಿಮಾಡಲು ಹೋಗಿ, ನಿಂತಳು.

“ನಿಂಗೂ ಇದ್ಯಾ?”

ಉತ್ತರ ಬರಲಿಲ್ಲ. ಕೇಳಿದವಳು ಬಾಯಿಂದ ಪಿನ್ನು ತೆಗೆದು, ತನ್ನ ರವಿಕೆ ತೋಳನ್ನು ಒಂದಿಂಚು ಮೇಲೆ ಸರಿಸಿ ತೋರಿಸಿದಳು. ಮೂರನೆಯವಳು, “ಅಯ್ಯೋ, ನನ್ ಮಂಡಿ ಹಿಂದೆ ನೋಡ್ರೇ, ಬಸ್ ರೂಟ್ ಮ್ಯಾಪು” ಎಂದಳು. ನಾಲ್ಕನೆಯವಳಿಗೆ ಒಂದೂ ಇರಲಿಲ್ಲ. ಅವಳು ಮೊಡವೆಯನ್ನು ಮುಂದಿಟ್ಟು ಸದಸ್ಯತ್ವ ಕೋರಿದಳು. ಮುಂದಿನ ಹತ್ತು ನಿಮಿಷ ಆ ಕೋಣೆಯಲ್ಲಿ ನಡೆದ ವಿಚಾರಸಂಕಿರಣದ ಮಟ್ಟವನ್ನು ಲೇಖಕಿ ವಿಶ್ವವಿದ್ಯಾಲಯಗಳಲ್ಲಿ ಕಂಡಿಲ್ಲ. ಎಲ್ಲರೂ ಮಾತಾಡಿದರು, ಎಲ್ಲರೂ ಕೇಳಿಸಿಕೊಂಡರು, ಅಧ್ಯಕ್ಷ ಭಾಷಣ ಇರಲಿಲ್ಲ. ಪಿನ್ನುಗಳು ಎಲ್ಲ ಕಳಚಿ ಬಿದ್ದವೆಂದು ಬರೆದರೆ ಪ್ರಬಂಧ ಚೆನ್ನಾಗಿರುತ್ತಿತ್ತು, ಹಾಗಾಗಲಿಲ್ಲ. ಒಬ್ಬಳು ಮೂರು ತೆಗೆದಳು, ಒಬ್ಬಳು ಒಂದನ್ನೂ ತೆಗೆಯಲಿಲ್ಲ. ಬಿಚ್ಚಿಕೊಂಡಿದ್ದ ಪಿನ್ನಿನವಳು ಅದನ್ನು ಮತ್ತೆ ಹಾಕಿಸಿಕೊಂಡಳು, ಆದರೆ ಗೋಡೆ ಕಡೆ ತಿರುಗದೆ.

ಶಾಪಾಶಯ

ದಾನಶಾಸನಗಳ ಕೊನೆಯಲ್ಲಿ ಶಾಪಾಶಯ ಇರುವುದು ವಾಡಿಕೆ. ಈ ಧರ್ಮವನ್ನು ಕೆಡಿಸಿದವರು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾರೆ, ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾರೆ ಎಂದೆಲ್ಲ. ಚರ್ಮಶಾಸನದಲ್ಲಿ ಅಂಥ ಸಾಲು ಇಲ್ಲದಿರುವುದು ದೊಡ್ಡ ಕೊರತೆ. ಅದಕ್ಕೇ ಕಂಡವರೆಲ್ಲ ಟೀಕೆ ಬರೆಯುತ್ತಾರೆ. ಆದರೆ ಅರವತ್ತು ಸಾವಿರ ವರ್ಷ ಈ ಕಾಲಕ್ಕೆ ಅತಿಯಾಯಿತು. ಸೋದರತ್ತೆಯನ್ನು ಹುಳು ಮಾಡುವುದು ಕುಟುಂಬದ ದೃಷ್ಟಿಯಿಂದಲೂ ಸೂಕ್ತವಲ್ಲ. ಆದ್ದರಿಂದ ಪರಿಷ್ಕೃತ ಪಾಠವೊಂದನ್ನು ಇಲ್ಲಿ ಸೂಚಿಸಲಾಗಿದೆ. ಬೆಳೆಯುವ ಮಕ್ಕಳ ಮೈ ನೋಡಿ ನಾಲ್ಕು ಜನರೆದುರು ವ್ಯಾಖ್ಯಾನ ಮಾಡಿದವರಿಗೆ ಮುಂದಿನ ಏಳು ಮದುವೆಗಳಲ್ಲಿ ಕೊನೇ ಪಂಕ್ತಿಯೇ ಗತಿಯಾಗಲಿ, ಅವರ ಎಲೆಯ ತನಕ ಬರುವಷ್ಟರಲ್ಲಿ ಹೋಳಿಗೆ ಮುಗಿದಿರಲಿ. ಎರಡನೇ ಸಲ ಅದೇ ಮಾತು ಆಡಿದವರಿಗೆ ಪಾಯಸವೂ ಬೇಡ. ಮೂರನೇ ಸಲವೂ ಆಡಿದರೆ, ಬಡಿಸುವವನು ತುಪ್ಪದ ಗಿಂಡಿ ಹಿಡಿದು ಅವರ ಎದುರೇ ನಿಂತು, ಪಕ್ಕದೆಲೆಯವರನ್ನು ಮಾತಾಡಿಸುತ್ತಿರಲಿ.