ಶೇಕಡಾ ಜೋಯಿಸರು

ಜಾತಕ ನೋಡಿದ ಜೋಯಿಸರ ಮಾತು ಸುಳ್ಳಾದರೆ ಕೇಳುವವರಿದ್ದಾರೆ. ‘ಮೇ ತಿಂಗಳೊಳಗೆ ಮದುವೆ ಅಂದಿದ್ರಲ್ಲ, ಎಲ್ಲಿ ಮಾರಾಯ್ರೇ?’ ಎಂದು ದಕ್ಷಿಣೆ ವಾಪಸು ಕೇಳಬಹುದು. ಐಪಿಎಲ್ ಪರದೆಯ ಮೂಲೆ ಹಿಡಿದು ಕೂತಿರುವ ‘ಗೆಲುವಿನ ಸಾಧ್ಯತೆ’ ಎಂಬ ಜೋಯಿಸರಿಗೆ ಆ ಭಯವೇ ಇಲ್ಲ. ಶೇ 97 ಎಂದರು, ತಂಡ ಸೋತಿತು. ಉಳಿದ ಮೂರನ್ನೂ ಅವರು ಮೊದಲೇ ಹೇಳಿಟ್ಟಿದ್ದರಲ್ಲ, ತಪ್ಪು ಎಲ್ಲಿಂದ ಬಂತು!

ಮುಂಬಯಿಯ ಬೈಕುಲ್ಲಾದ ಉಡುಪಿ ಹೋಟೆಲಿನಲ್ಲಿ ಟಿ.ವಿ. ಇರುವುದು ಗಲ್ಲೆಯ ಎದುರು ಗೋಡೆಗೆ. ಸಪ್ಲಾಯರ್ ಹುಡುಗ ಈಗ ಸ್ಕೋರ್ ಹೇಳುವುದನ್ನೇ ಬಿಟ್ಟಿದ್ದಾನೆ.

‘ಅಣ್ಣಾ, ಅರವತ್ತೆರಡು ಇದ್ದದ್ದು ನಲವತ್ತೊಂದಕ್ಕೆ ಇಳೀತು.’

‘ಯಾರೋ ಔಟಾದ್ರು?’

‘ಅದು ಗೊತ್ತಿಲ್ಲ. ಇಳೀತು.’

ಅಂಕೆಯ ಭಕ್ತಿ ಈ ಊರಿಗೆ ಹೊಸದೇನಲ್ಲ. ಬೈಕುಲ್ಲಾ, ಪರೇಲ್, ಲಾಲ್‌ಬಾಗ್‌ಗಳಲ್ಲಿ ಗಿರಣಿಯ ಭೋಂಗಾ ಕೂಗುತ್ತಿದ್ದ ಕಾಲದಲ್ಲಿ ಮುಂಬಯಿ ನ್ಯೂಯಾರ್ಕಿನ ಹತ್ತಿ ದರದ ಮೇಲೆ ಬಾಜಿ ಕಟ್ಟುತ್ತಿತ್ತು. ಆ ಬಾಜಿ ನಿಂತ ಮೇಲೆ, 1960ರ ದಶಕದಲ್ಲಿ, ಮಡಕೆಯಿಂದ ಚೀಟಿ ಎತ್ತುವ ಮಟ್ಕಾ ಬಂತು. ಓಪನ್, ಕ್ಲೋಸ್ ಚಾರ್ಟು ಬಿಡಿಸಿ ‘ನಾಳೆ ಇದೇ ಅಂಕೆ’ ಎನ್ನುವ ಪಂಡಿತರು ಆಗಲೂ ಇದ್ದರು. ಪಾಪ, ಅವರಿಗೆ ಗ್ರಾಫಿಕ್ಸ್ ಇರಲಿಲ್ಲ.

ಹೊಸ ಶಾಸ್ತ್ರದ ಮೂಲವೂ ಅಮೆರಿಕವೇ. ಎಲ್ಡನ್ ಮತ್ತು ಹಾರ್ಲನ್ ಮಿಲ್ಸ್ ಎಂಬ ಅಣ್ಣತಮ್ಮಂದಿರು 1969ರ ಬೇಸ್‌ಬಾಲ್ ಸೀಸನ್ನನ್ನು ಕಂಪ್ಯೂಟರಿಗೆ ಉಣಿಸಿ, ಯಾವ ಆಟಗಾರ ತಂಡವನ್ನು ಗೆಲುವಿನ ಕಡೆ ಎಷ್ಟು ತಳ್ಳಿದ, ಸೋಲಿನ ಕಡೆ ಎಷ್ಟು ಎಳೆದ ಎಂದು ಲೆಕ್ಕ ಕಟ್ಟಿ, ಮರುವರ್ಷ ಪುಸ್ತಕ ಮಾಡಿದರು. ಕ್ರಿಕೆಟ್ಟಿಗೆ 2012ರಲ್ಲಿ ನ್ಯೂಜಿಲೆಂಡ್ ಟಿ.ವಿ.ಯಲ್ಲಿ ‘ವಾಸ್ಪ್’ ಬಂತು. ಒಂದು ಸರಾಸರಿ ತಂಡ ಇನ್ನೊಂದು ಸರಾಸರಿ ತಂಡದ ಎದುರು ಆಡಿದರೆ ಏನಾದೀತು ಎಂಬುದೇ ಅದರ ಲೆಕ್ಕ. ಸರಾಸರಿ ತಂಡ! ಆರ್‌ಸಿಬಿ ಅಭಿಮಾನಿಯ ಮುಂದೆ ಈ ಮಾತು ಹೇಳಿ ನೋಡಿ. 2016ರ ಫೈನಲ್‌ನಲ್ಲಿ 209ರ ಗುರಿಗೆ ವಿಕೆಟ್ ನಷ್ಟವಿಲ್ಲದೆ 114 ಹೊಡೆದು, ಕೊನೆಗೆ 8 ರನ್ನಿನಿಂದ ಸೋತ ತಂಡ ಅದು. 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಒಂದೇ ಒಂದು ಗೆದ್ದು, ಮತ್ತೆ ಸಾಲಾಗಿ ಆರು ಗೆದ್ದು ಪ್ಲೇ ಆಫ್‌ಗೆ ನುಗ್ಗಿದ್ದೂ ಅದೇ.

ಬೈಕುಲ್ಲಾದವರು ಹೇಳಲು ಬಯಸುವುದು ವಾಂಖೆಡೆಯ ಕಥೆಯನ್ನು. 2014ರಲ್ಲಿ ಮುಂಬೈ ಇಂಡಿಯನ್ಸ್ ಮೊದಲ ಐದೂ ಪಂದ್ಯ ಸೋತಿತ್ತು. ಪ್ಲೇ ಆಫ್‌ಗೆ ಹೋಗಬೇಕಾದರೆ ಕೊನೆಯ ಲೀಗ್ ಪಂದ್ಯದಲ್ಲಿ ರಾಜಸ್ಥಾನದ 189ನ್ನು 14.3 ಓವರಿನಲ್ಲಿ ದಾಟಬೇಕು. 14.3 ಓವರ್ ಮುಗಿಯಿತು, ಸ್ಕೋರ್ ಸಮ. ‘ಮುಗೀತು’ ಎಂದುಕೊಂಡರು. ಅಷ್ಟರಲ್ಲಿ ಯಾರೋ ರನ್ ರೇಟ್ ಗುಣಿಸಿ, ಮುಂದಿನ ಚೆಂಡಿಗೆ ಬೌಂಡರಿ ಬಂದರೂ ಸಾಕು ಎಂದರು. ಫಾಕ್ನರ್ ಫುಲ್‌ಟಾಸ್ ಹಾಕಿದ, ಆದಿತ್ಯ ತಾರೆ ಸಿಕ್ಸರ್ ಎತ್ತಿದ. ರಾಜಸ್ಥಾನದ ಪಾಳಯದಲ್ಲಿದ್ದ ನಮ್ಮ ದ್ರಾವಿಡ್ ಟೋಪಿ ಕಿತ್ತು ನೆಲಕ್ಕೆ ಬಡಿದರು. ದ್ರಾವಿಡ್ ಸಿಟ್ಟಾಗುವ ಸಾಧ್ಯತೆ ಶೇಕಡಾ ಎಷ್ಟು ಎಂದು ಯಾವ ಯಂತ್ರ ಹೇಳಿತ್ತು?

ಪಂದ್ಯದ ಹೊತ್ತಿಗೆ ಇದು ಬರೀ ತಮಾಷೆ. ಅಪಾಯ ಇರುವುದು ಸೀಸನ್ ಮುಗಿದ ಮೇಲಿನ ‘ವಿಶ್ಲೇಷಣೆ’ಯಲ್ಲಿ. ಪ್ರತಿ ಚೆಂಡಿನ ಏರಿಳಿತವನ್ನು ಒಬ್ಬೊಬ್ಬನ ಖಾತೆಗೆ ಬರೆದು ಕೂಡಿಸುತ್ತಾರೆ. ಏರಿಳಿತ ಜೋರಾಗಿರುವುದು ಕೊನೆಯ ಓವರುಗಳಲ್ಲಿ. ಹಾಗಾಗಿ ಬೆಳಗಿನ ಜಾವ ಹಿಟ್ಟು ರುಬ್ಬಿದವನಿಗೆ ಚಿಲ್ಲರೆ, ತಟ್ಟೆ ತಂದಿಟ್ಟವನಿಗೆ ಟಿಪ್ಸು, ಕೈಜಾರಿ ತಟ್ಟೆ ಬೀಳಿಸಿದವನಿಗೆ ಇಡೀ ಹೋಟೆಲಿನ ನಷ್ಟ. 19ನೇ ಓವರ್ ಎಸೆಯಲು ಯಾರೂ ಮುಂದೆ ಬಾರದಾಗ ಚೆಂಡು ಹಿಡಿದ ಹುಡುಗನೇ ಸೀಸನ್ನಿನ ಅಪರಾಧಿ. ಹರಾಜಿನಲ್ಲಿ ಬೌಲರನ್ನೇ ಕೊಳ್ಳದೆ ಬ್ಯಾಟರುಗಳಿಗೆ ಕೋಟಿ ಸುರಿದ ಮಾಲೀಕರ ಖಾತೆಯಲ್ಲಿ ಅರ್ಧ ಶೇಕಡವೂ ಕಳೆಯುವುದಿಲ್ಲ. ಹರಾಜಿನ ಮೇಜಿಗೆ ಗ್ರಾಫ್ ಇಲ್ಲ.

ಈ ಜೋಯಿಸರನ್ನು ಪರೀಕ್ಷಿಸಲು ಒಂದೇ ದಾರಿ. ಮುಂದಿನ ಸೀಸನ್ನಿನಲ್ಲಿ ಹತ್ತನೇ ಓವರಿಗೆ ಪರದೆ ಹೇಳಿದ ಅಂಕೆಯನ್ನು ಪ್ರತಿ ಪಂದ್ಯದಲ್ಲೂ ಬರೆದಿಡಿ. ಶೇ 80ರ ಆಸುಪಾಸು ಎಂದ ಪಂದ್ಯಗಳಲ್ಲಿ ಹತ್ತಕ್ಕೆ ಎಂಟು ಗೆಲುವಾಯಿತೇ ಎಣಿಸಿ. ಆಗಿದ್ದರೆ ಕೈಮುಗಿಯಿರಿ. ಪೆನ್ನು ಪುಸ್ತಕ ನಿಮ್ಮದೇ ಇರಲಿ. ಚಾನೆಲ್ಲಿನವರು ಈ ಲೆಕ್ಕ ತೋರಿಸುತ್ತಾರೆಂದು ಕಾದು ಕೂರಬೇಡಿ.