ಎರಡು ಗಂಟೆ ದಿಕ್ಕಿನಾಗ ಹದ್ದು

ರಜೆಗೆ ಹೋದಲ್ಲೆಲ್ಲ ಹದ್ದು ಹುಡುಕುವ ಮಂದಿ ಈಚೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ಹೆಚ್ಚಾಗಿದ್ದಾರೆ. ಕೊರಳಲ್ಲಿ ದುರ್ಬೀನು, ಮೈಮೇಲೆ ಒಣಹುಲ್ಲಿನ ಬಣ್ಣದ ಅಂಗಿ, ಆ ಅಂಗಿಗೆ ಎಲ್ಲಿ ಬೇಕಾದಲ್ಲಿ ಕಿಸೆ. ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯಲ್ಲೋ ಉಣಕಲ್ ಕೆರೆಯ ಬದಿಗೋ ಸಿಗುತ್ತಾರೆ. ನಾವು ನಮಸ್ಕಾರ ಅಂದರೆ ಅವರು ಬಾಯಿಗೆ ಬೆರಳಿಟ್ಟು 'ಶ್' ಅನ್ನುತ್ತಾರೆ. ನನ್ನ ಪಾಲಿಗೆ ಬಂದವರು ನನ್ನ ಷಡ್ಡಕರು. ಬ್ಯಾಂಕಿನಿಂದ ನಿವೃತ್ತರಾದವರು. ಹೆಂಡತಿಯ ಅಕ್ಕನ ಗಂಡನಾದ್ದರಿಂದ ದೂರ ಇಡುವ ಹಾಗೂ ಇಲ್ಲ.

ಬರೇ ಹದ್ದು ನೋಡುವುದೇ ಆದರೆ ಹುಬ್ಬಳ್ಳಿ ಬಿಟ್ಟು ಹೋಗಬೇಕಾಗಿಲ್ಲ. ನಮ್ಮ ಮಾರ್ಕೆಟ್ಟಿನ ಮೇಲೆ ಕರಿಹದ್ದುಗಳು ದಿನವಿಡೀ ಗಿರಕಿ ಹೊಡೆಯುತ್ತವೆ. ಅದನ್ನು ಹೇಳಿದರೆ ಷಡ್ಡಕರು, "ಅವು ಇದ್ದದ್ದ ಬಿಡ್ರಿ" ಅಂದು ಮುಖ ತಿರುಗಿಸುತ್ತಾರೆ. ಅರಬೈಲು ಘಟ್ಟದ ಈಚೆ ಹಾರುವುದನ್ನು ಪಕ್ಷಿ ಎನ್ನಲು ಅವರಿಗೆ ಮನಸ್ಸಿಲ್ಲ. ಅವರಿಗೆ ಬೇಕಾದದ್ದು ಕಾರವಾರದ ಕಡಲ ಮೇಲಿನ ಬಿಳಿಹೊಟ್ಟೆಯ ಕಡಲ ಹದ್ದು. ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ 2 ಮೀಟರ್. ತಲೆ, ಎದೆ, ಹೊಟ್ಟೆ ಬೆಳ್ಳಗೆ, ಬೆನ್ನು ಬೂದಿ ಬಣ್ಣ, ಚಿಕ್ಕ ಬಾಲ ಬೆಣೆಯ ಆಕಾರದ್ದು. ತೇಲುವಾಗ ಎರಡೂ ರೆಕ್ಕೆ ಮೇಲಕ್ಕೆತ್ತಿಕೊಂಡಿರುತ್ತದೆ. ಇಷ್ಟನ್ನೂ ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಹುಬ್ಬಳ್ಳಿಯಿಂದ ಅಂಕೋಲಾ ಮುಟ್ಟುವವರೆಗೆ ಕಿವಿಗೆ ಬಿದ್ದದ್ದು. ಸಂಜೆಗೆ ಗಿರಮಿಟ್ ತಿನ್ನುತ್ತಾ ಕೂರುವ ನನ್ನಂಥವನಿಗೆ ಕಾಗೆ-ಕೋಗಿಲೆಯ ವ್ಯತ್ಯಾಸವೇ ದನಿ ಕೇಳಿದ ಮೇಲೆ ಗೊತ್ತಾಗುವುದು.

ಹೀಗೆ ಕಳೆದ ಡಿಸೆಂಬರ್ ರಜೆಯಲ್ಲಿ ಎರಡೂ ಕುಟುಂಬ, ಜೊತೆಗೆ ನಮ್ಮಿಬ್ಬರ ಅತ್ತೆಯವರು, ಕೂರ್ಮಗಡ ದ್ವೀಪಕ್ಕೆ ಹೊರಟೆವು. ಆಮೆಯ ಆಕಾರದ ಆ ದ್ವೀಪದಲ್ಲಿ ನರಸಿಂಹನ ಗುಡಿ ಇದೆ. ಜನವರಿಯ ಜಾತ್ರೆಗೆ ಕಾರವಾರದವರು ದೋಣಿ ಹತ್ತಿ ಹೋಗುತ್ತಾರೆ. ಅತ್ತೆಯವರು ಬಂದದ್ದು ಆ ದೇವರಿಗಾಗಿ. ಕಾರವಾರದಲ್ಲಿ ಷಡ್ಡಕರು ಆಟೋದವನನ್ನು, "ಇಲ್ಲೆ ಸೀಬರ್ಡ್ ಎಲ್ಲಿ ಛಲೋ ಕಾಣ್ತಾವ?" ಎಂದು ಕೇಳಿದರು. ಅವನು ನೌಕಾನೆಲೆಯ ಕಡೆ ಕೈ ತೋರಿಸಿ, "ಸೀಬರ್ಡ್ ಒಳಗೆ ಬಿಡೂದಿಲ್ಲ ಸರ್, ಪಾಸ್ ಬೇಕು" ಎಂದ.

ದೋಣಿಯಲ್ಲೇ ಶುರುವಾಯಿತು. ಡಾಲ್ಫಿನ್ ಬೆನ್ನು ಕಂಡು ಮಕ್ಕಳು ಕೂಗಿದರೆ, "ಗದ್ದಲ ಮಾಡಬ್ಯಾಡ್ರಿ, ಹದ್ದು ಹೋಗ್ತದ." ಅತ್ತೆಯವರ ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲೂ ಕಣ್ಣು ಬಿತ್ತು. ಕೆಂಪು ದೂರದಿಂದ ಎದ್ದು ಕಾಣುತ್ತದಂತೆ. "ಹದ್ದಿಗೆ ಹೆದರಿ ಸೀರಿ ಬದಲಸಲೇನು?" ಎಂದರು ಅತ್ತೆ, ಸೆರಗನ್ನು ಇನ್ನಷ್ಟು ಹರವಿಕೊಂಡು.

ಇದೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ಅವರು ದಿಕ್ಕು ತೋರಿಸುವ ರೀತಿ. ಬೆರಳು ಎತ್ತಿದರೆ ಹಕ್ಕಿ ಬೆದರುತ್ತದೆಂದು ಗಡಿಯಾರದ ಲೆಕ್ಕ. ಎದುರಿಗಿರುವುದು ಹನ್ನೆರಡು ಗಂಟೆ, ಬಲಕ್ಕೆ ಮೂರು, ಎಡಕ್ಕೆ ಒಂಬತ್ತು. ದ್ವೀಪದ ಬಂಡೆಯ ಮೇಲೆ ಬೆಳಬೆಳಗ್ಗೆ ನಮ್ಮನ್ನೆಲ್ಲ ಸಾಲಾಗಿ ಕೂಡಿಸಿದ್ದರು. ಇದ್ದಕ್ಕಿದ್ದಂತೆ, "ಎರಡು ಗಂಟೆ! ಎರಡು ಗಂಟೆ!" ಎಂದು ಪಿಸುಗುಟ್ಟಿದರು. ನಾನು ಕೈಗಡಿಯಾರ ನೋಡಿದೆ. ಅತ್ತೆಯವರು ಏಳಲು ಕೈ ಊರಿ, "ಈಗಿನ್ನೂ ಏಳೂವರಿ. ಎರಡಕ್ಕ ಬರೂದಾದ್ರ ನಾಷ್ಟಾ ಮಾಡಿ ಬರೂಣಲ್ಲ" ಎಂದರು.

"ಅತ್ತಿ, ದಿಕ್ಕು! ದಿಕ್ಕು ಹೇಳಾಕತ್ತೀನಿ. ಆ ಗಿಡದ ಮ್ಯಾಲ."

"ಯಾವ ಗಿಡ?"

"ಆ ಗಿಡದ ಬಾಜೂಕ ಇರೂ ಗಿಡ."

ಕಾಡಿನಲ್ಲಿ ಒಂದು ಗಿಡದ ಪಕ್ಕ ಇನ್ನೊಂದು ಗಿಡ ಇರದೆ ಏನಿರುತ್ತದೆ? ಅಷ್ಟರಲ್ಲಿ ದುರ್ಬೀನು ಅವರ ಕಣ್ಣಿಗೆ ಅಂಟಿತ್ತು. "ಆಹಾ", "ಏನ್ ಕುಂತದ", "ಕತ್ತು ತಿರಗಿಸ್ತು ನೋಡ್ರಿ" ಎಂದು ವೀಕ್ಷಕ ವಿವರಣೆ ನಡೆದೇ ಇತ್ತು. ನಾನು ಕೈ ಚಾಚಿದೆ. ಚಾಚಿದ ಕೈ ನೋವು ಬಂದು ಇಳಿಸಿದೆ, ಮತ್ತೆ ಚಾಚಿದೆ. ಕಡೆಗೆ ದುರ್ಬೀನು ನನ್ನ ಕೈಗೆ ಬಂದಾಗ ಅದರ ಪಟ್ಟಿ ಇನ್ನೂ ಅವರ ಕೊರಳಲ್ಲೇ ಇತ್ತು. ಅವರ ಕೆನ್ನೆಗೆ ಕೆನ್ನೆ ಹಚ್ಚಿ ನೋಡಿದೆ. ಮಂಜು, ಮಂಜಿನ ಹಿಂದೆ ಮಂಜು. ತಿರುಪು ತಿರುವಿ ಒಂದು ಖಾಲಿ ಟೊಂಗೆ ಸ್ಪಷ್ಟ ಮಾಡಿಕೊಂಡೆ. "ತಡಾ ಮಾಡಿದ್ರಿ" ಎಂದರು.

ಇನ್ನೊಂದು ರೂಢಿ, ಉಳಿದವರು ಕಂಡದ್ದನ್ನು ತಳ್ಳಿಹಾಕುವುದು. ಬಿಳಿ ತಲೆ, ಇಟ್ಟಿಗೆ ಕೆಂಪಿನ ಮೈಯ ಗರುಡವೊಂದು ನಮ್ಮ ತಲೆಯ ಮೇಲೇ ಸುತ್ತಿತು. ಅತ್ತೆಯವರು ಗಲ್ಲ ಬಡಿದುಕೊಂಡು, "ನರಸಿಂಹನ ಗುಡಿ ಮುಂದ ಗರುಡ ದರ್ಶನ!" ಎಂದು ಕೈ ಮುಗಿದರು. ಷಡ್ಡಕರು ದುರ್ಬೀನು ಎತ್ತಲೂ ಇಲ್ಲ. "ಅದು ಕಾಮನ್, ಅತ್ತಿ." ವಿಷ್ಣುವಿನ ವಾಹನಕ್ಕೆ ಕಾಮನ್ ಅಂದದ್ದನ್ನು ಅತ್ತೆ ಇಂದಿಗೂ ಮರೆತಿಲ್ಲ. ಬೆಳ್ಳುಳ್ಳಿ ಹಾಕಿದ ಚಟ್ನಿಯನ್ನೂ ಮುಟ್ಟದ ಈ ಮನುಷ್ಯ, ಒಂದು ಹಕ್ಕಿ ಮೀನು ಹರಿದು ತಿನ್ನುವುದನ್ನು ನೋಡಲು ರೊಟ್ಟಿ-ಶೇಂಗಾಚಟ್ನಿಯ ಗಂಟು ಬಿಚ್ಚದೆ ಹಸಿದು ಕೂರುತ್ತಾರಲ್ಲ ಎಂಬುದು ನನ್ನ ಸೋಜಿಗ.

ಈ ಹುಚ್ಚು ಹತ್ತಿದ್ದು ಅವರ ಮಗಳಿಂದ. ಅವಳಿರುವುದು ಸಿಯಾಟಲ್‌ನಲ್ಲಿ. ಅಮೆರಿಕದ ರಾಜಮುದ್ರೆಯಲ್ಲಿ 1782ರಿಂದ ಕೂತಿರುವ ಬಾಲ್ಡ್ ಈಗಲ್ ಅವಳ ಅಡಿಗೆಮನೆ ಕಿಟಕಿಗೆ ಕಾಣುತ್ತದೆ. ಫೋಟೋ ಕಳಿಸಿದಳು, ಆಮೇಲೆ ದುರ್ಬೀನೂ ಅವಳೇ ಕಳಿಸಿದಳು. ನಮ್ಮ ಕಡಲ ಹದ್ದು ಅದರ ಹತ್ತಿರದ ಬಂಧು ಎಂದು ಗೊತ್ತಾದ ದಿನದಿಂದ ಷಡ್ಡಕರಿಗೆ ಒಂದೇ ಹಟ: "ನಮ್ಮಲ್ಲೂ ಅದ ಅಂತ ಆಕಿಗೆ ತೋರಸಬೇಕ್ರಿ." ಕಡಲ ಹದ್ದಿನ ಜೋಡಿ ವರ್ಷವರ್ಷವೂ ಅದೇ ಗೂಡಿಗೆ ಬಂದು ಹೊಸ ಕಡ್ಡಿ ಸೇರಿಸುತ್ತದೆ, ಗೂಡು ದೊಡ್ಡದಾಗುತ್ತಲೇ ಹೋಗುತ್ತದೆ, ಬಲಿತ ಮರಿ ಮಾತ್ರ ಎಲ್ಲೋ ಹಾರಿಹೋಗುತ್ತದೆ ಎಂದು ಅವರೇ ಹೇಳಿದರು. ಧಾರವಾಡದಲ್ಲಿ ಮಗಳಿಗೆಂದು ಮೇಲೆ ಕಟ್ಟಿಸಿದ ಎರಡು ಕೋಣೆಗೆ ಮೊನ್ನೆ ಬಣ್ಣ ಹೊಡೆಸಿದವರೂ ಅವರೇ. ನಾನು ಏನೋ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಮತ್ತೆ 'ಶ್' ಅಂದರು.

ಎಂಟು ಗಂಟೆಗೆ ಮಗಳಿಗೆ ವಿಡಿಯೋ ಕಾಲ್. ಅಲ್ಲಿ ಹಿಂದಿನ ದಿನದ ಸಂಜೆ, ಆಗಲೇ ಕತ್ತಲೆ. ಫೋನನ್ನು ಆಕಾಶಕ್ಕೆ ಹಿಡಿದು, "ಕಾಣ್ತೇನವಾ? ಬೆಳ್ಳಗ? ಎಡಕ್ಕ?" ಎಂದು ಕೂಗಿದರು. ಹಿಂದಿನಿಂದ ನನಗೆ ಪರದೆ ಕಾಣುತ್ತಿತ್ತು. ಅದರಲ್ಲಿ ತುಂಬಿದ್ದು ಅವರ ಹೆಬ್ಬೆರಳು.

"ಕಾಣ್ತು ಅಪ್ಪಾ, ಭಾಳ ಛಂದ ಅದ" ಅಂದಳು ಹುಡುಗಿ. ನನ್ನನ್ನು ಕೇಳಿದರು, ನಾನೂ ಕಾಣ್ತು ಅಂದೆ.

ನಾವೆಲ್ಲ ಫೋನಿನ ಸುತ್ತ ನೆರೆದಿದ್ದಾಗ ಅತ್ತೆಯವರು ಒಬ್ಬರೇ ಕಡಲಿಗೆ ಮುಖ ಮಾಡಿ ಕೂತಿದ್ದರು. "ಅಯ್ಯ, ಹಾವು!" ಎಂದು ಚೀರಿದರು. ದೊಡ್ಡ ಬಿಳಿ ಹಕ್ಕಿಯೊಂದು ನೀರಿಗೆರಗಿ ಕಡಲ ಹಾವನ್ನು ಉಗುರಿನಲ್ಲಿ ಎತ್ತಿಕೊಂಡು ಹೋಯಿತಂತೆ. ನಾವು ತಿರುಗುವಷ್ಟರಲ್ಲಿ ಕಡಲಷ್ಟೇ ಇತ್ತು. ಪೊರೆ ತೆಗೆಸಿದ ಕಣ್ಣಿಗೆ ದುರ್ಬೀನೂ ಇಲ್ಲದೆ ಕಂಡದ್ದು, ಷಡ್ಡಕರು ಜನ್ಮದಲ್ಲಿ ಕಾಣದ ದೃಶ್ಯ.

ವಾಪಸ್ ಬರುವಾಗ ಅವರು ಡೈರಿ ಬಿಚ್ಚಿ ವಿಚಾರಣೆ ನಡೆಸಿದರು. "ಬಾಲ ಬೆಣೀ ಹಂಗಿತ್ತೇನ್ರಿ, ಅತ್ತಿ?"

"ಬಾಲ ಯಾರ್ ನೋಡ್ಯಾರ? ಕೈ ಮುಗ್ಯಾಕತ್ತಿದ್ದೆ. ಹಾವು ಹಿಡದದ್ದ ಖರೇ ಗರುಡ. ನೀವು ಕಾಮನ್ ಅಂದ್ರಿ."

ಅರಬೈಲಿನಲ್ಲಿ ಮೊಳದಷ್ಟಿದ್ದ ಹಾವು ಯಲ್ಲಾಪುರದಲ್ಲಿ ಚಹಾ ಕುಡಿದ ಮೇಲೆ ಮಾರುದ್ದ ಆಯಿತು. ಕಲಘಟಗಿ ಬರುವಾಗ ಹೆಡೆ ಎತ್ತಿತು.

"ಕಡಲ ಹಾವಿಗೆ ಹೆಡಿ ಇರೂದಿಲ್ಲ, ಅತ್ತಿ."

"ನೋಡಿದಾಕಿ ನಾನೋ, ನೀವೋ?"

ಷಡ್ಡಕರು ಸ್ವಲ್ಪ ಹೊತ್ತು ಪೆನ್ನು ಕಚ್ಚಿದರು. ಆಮೇಲೆ 'ಹೆಡೆ: ಇತ್ತಂತೆ' ಎಂದು ಬರೆದು, ಕೆಳಗೆ ಗೀಟು ಎಳೆದು, ಸಹಿ ಮಾಡಲು ಡೈರಿಯನ್ನು ಅತ್ತೆಯವರ ಮುಂದೆ ಹಿಡಿದರು.