ಕಷ್ಟ ಕೇಳುವ ಕಾರ್ಯಕ್ರಮ: ಬಳಕೆದಾರರ ಕೈಪಿಡಿ

ಈ ಕೈಪಿಡಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಂಪನಿಗಳ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಮಾತ್ರ. ನವೆಂಬರ್ ಬಂತೆಂದರೆ ಒಬ್ಬ ಹಾಸ್ಯನಟರನ್ನೋ ಸಿನಿಮಾದವರನ್ನೋ ಕರೆಸಿ, "ಸರ್, ನಿಮ್ಮ ಕಷ್ಟದ ದಿನಗಳ ಬಗ್ಗೆ ನಾಲ್ಕು ಮಾತು" ಎಂದು ಕೇಳುವ ಹೊಣೆ ನಿಮ್ಮ ತಲೆಗೇ ಬೀಳುತ್ತದೆ.

ಮೊದಲು ಕುರ್ಚಿ. 2014ರಲ್ಲಿ ಜೀ ಕನ್ನಡದಲ್ಲಿ 'ವೀಕೆಂಡ್ ವಿತ್ ರಮೇಶ್' ಶುರುವಾದ ಮೇಲೆ ಕೆಂಪು ಕುರ್ಚಿಯಿಲ್ಲದೆ ಕಷ್ಟ ಹೇಳಿಕೊಳ್ಳುವುದೇ ನಮಗೆ ಮರೆತುಹೋಗಿದೆ. ಮೀಟಿಂಗ್ ರೂಮಿನ ತಿರುಗುವ ಕುರ್ಚಿ ಬೇಡ. ಅತಿಥಿ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಗೋಡೆ ಕಡೆ ತಿರುಗಿಬಿಡುತ್ತದೆ. ಟಿವಿಯವರಂತೆ ಅತಿಥಿಯ ಬಾಲ್ಯದ ಮೇಷ್ಟ್ರನ್ನು ಹುಡುಕಿ ತರುವಷ್ಟು ಬಜೆಟ್ ನಿಮಗಿರುವುದಿಲ್ಲ. ನಿಮ್ಮ ಎಚ್‌ಆರ್ ಮ್ಯಾನೇಜರನ್ನೇ ವೇದಿಕೆಗೆ ಕರೆಯಿರಿ. ಅಳು ಸಭಿಕರಿಗೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಚಪ್ಪಾಳೆ ಬೀಳುವ ಕಷ್ಟಗಳು ಕೆಲವೇ. ಬಸ್ಸಿದ್ದರೆ ಖಾತ್ರಿ: ರಜನಿಕಾಂತ್ ಬಿಟಿಎಸ್ ಕಂಡಕ್ಟರ್ ಆಗಿದ್ದರು, ಯಶ್ ಅವರ ತಂದೆ ಬಸ್ ಚಾಲಕರಾಗಿದ್ದರು. ಎಲೆಕ್ಟ್ರಾನಿಕ್ ಸಿಟಿಯಲ್ಲಾದರೆ 1981ರಲ್ಲಿ ಸುಧಾ ಮೂರ್ತಿಯವರು ಇನ್ಫೋಸಿಸ್ ಶುರುಮಾಡಲು ಗಂಡನ ಕೈಗಿತ್ತ 10,000 ರೂಪಾಯಿ ಈಗಲೂ ಚಲಾವಣೆಯಲ್ಲಿದೆ. ಆದರೆ ಕಷ್ಟ ಮುಗಿದಿರಬೇಕು, ಇದು ಕಡ್ಡಾಯ. ಇನ್ನೂ ನಡೆಯುತ್ತಿರುವ ಕಷ್ಟವನ್ನು ಪೋರ್ಟಲ್‌ನಲ್ಲಿ ಟಿಕೆಟ್ ಹಾಕಿ ಹೇಳಿಕೊಳ್ಳತಕ್ಕದ್ದು.

ಹಳಬರ ಉದಾಹರಣೆ ಕೊಡುವಾಗ ಹುಷಾರು. 1954ರಲ್ಲಿ 'ಬೇಡರ ಕಣ್ಣಪ್ಪ' ಗೆದ್ದ ಮೇಲೂ ಸಾಕಷ್ಟು ಸಿನಿಮಾ ಕೆಲಸ ಸಿಗದೆ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸಂಘ ಕಟ್ಟಿಕೊಂಡು ಊರೂರಲ್ಲಿ ನಾಟಕ ಆಡಿದರು, 1960ರಲ್ಲಿ ತಾವೇ 'ರಣಧೀರ ಕಂಠೀರವ' ತೆಗೆದರು. ಮೊದಲು ಗೆಲುವು, ಆಮೇಲೆ ಕಷ್ಟ! ನಿಮ್ಮ ಸ್ಲೈಡಿನ ಬಾಣ ಮೇಲಕ್ಕೇ ಹೋಗಬೇಕಾದ್ದರಿಂದ ಈ ಕಥೆ ಅದರಲ್ಲಿ ಹಿಡಿಸುವುದಿಲ್ಲ.

ಪೀಣ್ಯದವರು ಮಾತ್ರ ಬಾಲಕೃಷ್ಣರ ಕಥೆಯನ್ನು ಧಾರಾಳವಾಗಿ ಹೇಳಬಹುದು. ಆ ಮಹಾನುಭಾವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿಗಿದ್ದ ನಟರ ತುಟಿ ನೋಡಿಕೊಂಡೇ ಸರಿಯಾದ ಹೊತ್ತಿಗೆ ತಮ್ಮ ಮಾತು ಎತ್ತಿಕೊಂಡು ಊರನ್ನೆಲ್ಲ ನಗಿಸುತ್ತಿದ್ದರು. ಪ್ರೆಸ್ ಶಾಪಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪವರ್ ಪ್ರೆಸ್ ಧಡ್ ಧಡ್ ಎನ್ನುವಾಗ ಅವರೂ ಮಾತಾಡುವುದು ತುಟಿಯಲ್ಲಿ, ಬೆರಳಲ್ಲಿ. ಹೆಬ್ಬೆರಳು ಬಾಯಿಯತ್ತ ಹೋದರೆ ಟೀ ಬಂತು. ಹೆಗಲು ತಟ್ಟಿದರೆ ಸೂಪರ್‌ವೈಸರ್ ಬಂದರು. ಕಾರ್ಯಕ್ರಮದ ದಿನ ಮೈಕ್ ಕೈಕೊಟ್ಟರೂ ಅವರು ನಗಬೇಕಾದ ಕಡೆಯೇ ನಗುತ್ತಾರೆ. ವರ್ಷಗಟ್ಟಲೆ ಆ ಸದ್ದಿನ ಮುಂದೆ ನಿಂತು ಕಿವಿ ಮಂದವಾದವರೂ ಆ ಸಾಲಿನಲ್ಲಿರುತ್ತಾರೆ. ಅವರನ್ನು ಕೆಂಪು ಕುರ್ಚಿಗೆ ಕರೆಯಲು ಈ ಕೈಪಿಡಿಯಲ್ಲಿ ಅವಕಾಶವಿಲ್ಲ. ಕಷ್ಟ ಮುಗಿದಿರಬೇಕು ಎಂಬ ನಿಯಮ ಮೇಲೇ ಇದೆ, ನೋಡಿಕೊಳ್ಳಿ.

ವೈಟ್‌ಫೀಲ್ಡ್‌ನವರಿಗೆ ಒಂದೇ ಸೂಚನೆ: ಅತಿಥಿಯನ್ನು ಮೆಟ್ರೊದಲ್ಲಿ ಕರೆತನ್ನಿ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ನಿಮ್ಮ ಬಾಗಿಲಿಗೇ ಬರುತ್ತದೆ. ಕಾರು ಹತ್ತಿಸಿದಿರೋ, ಮಾರತಹಳ್ಳಿಯಲ್ಲೇ ಅವರ ಕಷ್ಟದ ದಿನಗಳು ಮತ್ತೆ ಶುರು.

ಪ್ರಶ್ನೋತ್ತರದಲ್ಲಿ ಯಾರೋ ಒಬ್ಬ ಟೀಮ್ ಲೀಡ್, "ಒತ್ತಡ ನಿಭಾಯಿಸೋದು ಹೇಗೆ ಸರ್?" ಎಂದು ಕೇಳಿಯೇ ಕೇಳುತ್ತಾರೆ. ಅತಿಥಿ ಜೋಕು ಹೇಳಿ ಜಾರಿಕೊಳ್ಳುತ್ತಾರೆ. ಜಾರಿಕೊಳ್ಳಲಿ ಬಿಡಿ, ಆ ಟೀಮ್ ಲೀಡ್‌ನ ತಂಡದವರು ಮಾತ್ರ ನಗುವುದಿಲ್ಲ.

ಕೊನೆಯದಾಗಿ ಪೇಟ, ಶಾಲು, ಹಣ್ಣಿನ ಬುಟ್ಟಿ. ಇಷ್ಟಕ್ಕೇ ಮುಗಿಯಿತೆಂದು ಫೋಟೊಗೆ ನಿಲ್ಲಬೇಡಿ. ಸಂಭಾವನೆಯ ಲಕೋಟೆಯನ್ನು ಅಂದೇ ಕೊಡಿ. "ವೆಂಡರ್ ರಿಜಿಸ್ಟ್ರೇಷನ್ ಆಗಬೇಕು ಸರ್, 45 ದಿನ ಹಿಡಿಯುತ್ತೆ" ಎಂದಿರೋ, ಮುಂದಿನ ಕಂಪನಿಯ ವೇದಿಕೆಯಲ್ಲಿ ಅವರು ಹೇಳುವ ಕಷ್ಟ ನೀವೇ ಆಗಿರುತ್ತೀರಿ.